ಟೀವಿ ಆಪರೇಷನ್ನೂ ರೋಬೋ ಆಪರೇಷನ್ನೂ

ಆಪರೇಷನ್ ಥಿಯೇಟರಿನಲ್ಲಿ ನಗಬಾರದು ಅಂತ ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಬರೆದಿದ್ದರೂ ಆ ಪುಟ ನಮ್ಮ ತುಮಕೂರಿನವರೆಗೆ ತಲುಪಿರಲಿಲ್ಲ. ತೊಂಬತ್ತರ ದಶಕದಲ್ಲಿ ತುಮಕೂರಿನದೇ ಸದಾಶಿವನಗರದ ಒಂದು ನರ್ಸಿಂಗ್ ಹೋಮಿಗೆ ನಾನು ಅಸಿಸ್ಟೆಂಟ್ ಸರ್ಜನ್ ಆಗಿ ಸೇರಿದೆ. ಅದರ ಮಾಲೀಕರೂ ಮುಖ್ಯ ಸರ್ಜನ್ನೂ ಒಬ್ಬರೇ. ಅವರನ್ನ ಎಲ್ಲರೂ ದೊಡ್ಡ ಡಾಕ್ಟ್ರು ಅನ್ನೋರು. ಹಾಗಾಗಿ ನಾನು ಚಿಕ್ಕ ಡಾಕ್ಟ್ರು. ತಲೆ ಪೂರ್ತಿ ನೆರೆತ ಮೇಲೂ ಚಿಕ್ಕ ಡಾಕ್ಟ್ರೇ. ನಮ್ಮ ಕೆಲಸ ಹೊಟ್ಟೆಯಿಂದ ಶುರುವಾಗಿ ಮಲದ್ವಾರಕ್ಕೆ ಮುಗಿಯುವಂಥದ್ದು. ಆ ದಾರಿಯುದ್ದಕ್ಕೂ ಗಾಂಭೀರ್ಯ ಕಾಪಾಡಿಕೊಳ್ಳೋಕೆ ನಾವು ಬೇಕಾದಷ್ಟು ಹೆಣಗಿದ್ದೀವಿ. ರೋಗಿಗಳು ಬಿಟ್ಟಿಲ್ಲ.

೧. ನಾಲಿಗೆ ಪರೀಕ್ಷೆ

ಗುಬ್ಬಿಯಿಂದ ರಿಟೈರಾದ ಹೆಡ್ಮಾಸ್ಟರೊಬ್ಬರು ಹೆಂಡತಿ ಜೊತೆ ಬಂದರು. ಇಸ್ತ್ರಿ ಮಾಡಿದ ಪಂಚೆ, ಮೇಲೆ ಕೋಟು. ಮಲದಲ್ಲಿ ರಕ್ತ ಹೋಗ್ತಾ ಇದೆ, ಮೂಲವ್ಯಾಧಿಯಂತೆ ಅಂದರು.

"ಯಾರು ನೋಡಿ ಹೇಳಿದ್ರು ಸಾರ್?"

"ಇಬ್ಬರು ನೋಡಿದಾರೆ. ಒಬ್ಬರು ನಾಡಿ ಹಿಡಿದು ಹೇಳಿದ್ರು. ಇನ್ನೊಬ್ಬರು ನಾಲಿಗೆ ನೋಡಿ ಹೇಳಿದ್ರು."

ಆಗೆಲ್ಲ ನಮ್ಮ ಕಡೆ ಕೆಳಗಿನಿಂದ ರಕ್ತ ಬಂದರೆ ಮೂಲವ್ಯಾಧಿ, ಅಷ್ಟೇ. ಕ್ಯಾನ್ಸರಿನಂಥ ದೊಡ್ಡ ಕಾಯಿಲೆ ಆ ಜಾಗಕ್ಕೆಲ್ಲ ಇಳಿಯೋದಿಲ್ಲ ಅನ್ನೋ ಗೌರವ. ನಾನು ಗ್ಲೌಸ್ ಹಾಕಿಕೊಳ್ಳೋದನ್ನ ನೋಡಿ ಮೇಷ್ಟ್ರು ಕೇಳಿದರು, "ಅದ್ಯಾಕೆ?"

"ಬೆರಳು ಹಾಕಿ ನೋಡಬೇಕು ಸಾರ್. ಗಡ್ಡೆ ಏನಾದ್ರೂ ಇದ್ರೆ ಬೆರಳಿಗೆ ಸಿಗುತ್ತೆ."

ಮೇಷ್ಟ್ರು ಎದ್ದು, ಗೋಡೆಗೆ ಬೆನ್ನು ಒತ್ತಿ ನಿಂತರು. "ರೀ, ನನ್ನ ಮುಂದೆ ಸ್ಕೂಲ್ ಇನ್ಸ್‌ಪೆಕ್ಟರುಗಳೇ ಕೈಕಟ್ಟಿ ನಿಂತಿದಾರೆ!"

"ಅವರು ಮುಂದೆ ನಿಂತಿದ್ರು ಸಾರ್. ನಾನು ಹಿಂದೆ ನಿಲ್ಲಬೇಕು."

ಕೊನೆಗೆ ಅವರ ಹೆಂಡತಿ "ಮಲಗ್ರೀ ಸುಮ್ನೆ" ಅಂತ ಗದರಿದ ಮೇಲೆ ಮಲಗಿದರು. ಪುಣ್ಯಕ್ಕೆ ಗಡ್ಡೆ ಇರಲಿಲ್ಲ. ಬರೀ ಮೂಲವ್ಯಾಧಿ. ಹಾಗಂತ ಹೇಳಿದೆ. ಮೇಷ್ಟ್ರು ಕಚ್ಚೆ ಸರಿಮಾಡಿಕೊಳ್ಳುತ್ತಾ ಹೆಂಡತಿ ಕಡೆ ತಿರುಗಿದರು:

"ನೋಡ್ದೇನೇ? ಅವರು ನಾಲಿಗೇಲೇ ಕಂಡುಹಿಡಿದಿದ್ದನ್ನ ಇವರು ಎಲ್ಲೆಲ್ಲೋ ಹುಡುಕಿ ಹೇಳ್ತಿದಾರೆ. ಓದಿದ್ದು ಸಾಲದು."

೨. ಟೀವಿಯ ಹಣೆ

ಕೆಲವು ವರ್ಷ ಆದ ಮೇಲೆ ನಮ್ಮಲ್ಲಿಗೆ ಲ್ಯಾಪ್ರೋಸ್ಕೋಪಿ ಬಂತು. ಹೊಟ್ಟೆ ಉದ್ದಕ್ಕೆ ಕೊಯ್ಯೋ ಬದಲು ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ತೂರಿಸಿ, ಟೀವಿ ನೋಡ್ಕೊಂಡು ಆಪರೇಷನ್ ಮಾಡೋದು. ಊರಿನವರು ಅದಕ್ಕೆ ಟೀವಿ ಆಪರೇಷನ್ ಅಂತ ಹೆಸರಿಟ್ಟರು. ದೊಡ್ಡ ಡಾಕ್ಟ್ರು ಮಹಾ ಶಿವಭಕ್ತರು. ಮಠದ ಅಯ್ಯನವರನ್ನ ಕರೆಸಿ ಪೂಜೆ ಮಾಡಿಸದೆ ಮಿಷನ್ನಿನ ಸ್ವಿಚ್ಚು ಕೂಡ ಮುಟ್ಟಲಿಲ್ಲ.

ಮೊದಲನೇ ಕೇಸು ಪಿತ್ತಕೋಶದ ಕಲ್ಲು. ನಾನು ಕ್ಯಾಮೆರಾ ಹಿಡಿದಿದ್ದೆ. ದೊಡ್ಡ ಡಾಕ್ಟ್ರು ಟೀವಿ ನೋಡಿದವರೇ ಹುಬ್ಬು ಗಂಟಿಕ್ಕಿದರು. "ಇದೇನ್ರೀ ಅಡ್ಡಡ್ಡ ಬಿಳೀ ಪಟ್ಟೆ? ಅಂಟಿಕೊಂಡಿರೋ ಪೊರೆ ಇರಬೇಕು. ಕತ್ತರಿ ಕೊಡಿ."

ಕತ್ತರಿ ಒಳಗೆ ಹೋಯಿತು. ಅವರು ಗಾಳಿಯಲ್ಲಿ ಕತ್ತರಿಸಿದ್ದೇ ಕತ್ತರಿಸಿದ್ದು. ಪಟ್ಟೆ ಅಲ್ಲಾಡಲಿಲ್ಲ. "ಬಹಳ ಗಟ್ಟಿ ಇದೆ ಕಣ್ರೀ. ಇಂಥದ್ದು ನಾನು ನೋಡೇ ಇಲ್ಲ" ಅಂತ ಬೆವೆತರು. ನಾನು ಕ್ಯಾಮೆರಾ ಎಡಕ್ಕೆ ತಿರುಗಿಸಿದೆ. ಲಿವರು ಸರಿಯಿತು, ಕರುಳು ಸರಿಯಿತು, ಪಟ್ಟೆ ಮಾತ್ರ ಇದ್ದಲ್ಲೇ ಇತ್ತು. ಕ್ಯಾಮೆರಾ ಸಿಸ್ಟರ್ ಕೈಗೆ ಕೊಟ್ಟು, ಟೀವಿ ಹತ್ತಿರ ಹೋಗಿ ನೋಡಿದೆ. ಅಯ್ಯನವರು ಪೂಜೆಯಲ್ಲಿ ಟೀವಿಯ ಗಾಜಿಗೆ ಮೂರು ಬೆರಳಲ್ಲಿ ಭರ್ಜರಿಯಾಗಿ ವಿಭೂತಿ ಎಳೆದಿದ್ದರು.

"ಸಾರ್, ಇದು ರೋಗಿಯದ್ದಲ್ಲ. ಟೀವಿದು" ಅಂದೆ.

ದೊಡ್ಡ ಡಾಕ್ಟ್ರು ಕತ್ತರಿ ಹೊರಗೆಳೆದು, ಗಂಭೀರವಾಗಿ ಹೇಳಿದರು: "ನಂಗೊತ್ತು. ಕತ್ತರಿ ಚೂಪಾಗಿದ್ಯಾ ಅಂತ ನೋಡ್ತಿದ್ದೆ."

೩. ಸೊಸೆಯ ಬ್ಯಾಂಡೇಜು

ಕುಣಿಗಲ್ಲಿನ ದಿನಸಿ ವ್ಯಾಪಾರಿ ಮನೆಯ ಸೊಸೆಗೆ ಇದೇ ಟೀವಿ ಆಪರೇಷನ್ ಮಾಡಿ ಎರಡೇ ದಿನಕ್ಕೆ ಮನೆಗೆ ಹೋಗಮ್ಮ ಅಂದೆವು. ಆಕೆ ಖುಷಿ ಪಡೋ ಬದಲು ಅಳೋಕೆ ಶುರು ಮಾಡಿದಳು. "ನೋವಾ?" ಅಂದೆ.

"ನೋವೇ ಇಲ್ಲ ಸಾರ್, ಅದೇ ತೊಂದ್ರೆ. ನಮ್ಮತ್ತೆ ಬಂದು ನೋಡ್ಬುಟ್ಟು, 'ಇದೇನೇ, ಸೊಳ್ಳೆ ಕಚ್ಚಿದಂಗೆ ಅದೆ? ಇದಕ್ಕಾ ತುಮಕೂರಿಗೆ ಬಂದು ಮಲಕ್ಕಂಡಿದ್ದು? ಎದ್ದು ಬಾ, ರಾಗಿ ಕೇರೋದೈತೆ' ಅಂದವ್ರೆ. ನಮ್ಮ ನಾದಿನಿಗೆ ಹಳೇ ಥರ ಇಷ್ಟುದ್ದ ಕುಯ್ದಿದ್ರು. ಅವಳು ಮೂರು ತಿಂಗ್ಳು ಪೊರಕೆ ಮುಟ್ನಿಲ್ಲ."

ವೈದ್ಯಶಾಸ್ತ್ರ ಇಷ್ಟೊಂದು ಮುಂದುವರಿದು ಒಬ್ಬ ಹೆಣ್ಣುಮಗಳಿಗೆ ಅನ್ಯಾಯ ಮಾಡಿತ್ತು. ನಾನು ಸಿಸ್ಟರಿಗೆ ಹೇಳಿ ಎದೆಯಿಂದ ಸೊಂಟದವರೆಗೂ ಬ್ಯಾಂಡೇಜು ಸುತ್ತಿಸಿದೆ. ಸೊಸೆ ಯುದ್ಧದಿಂದ ಬಂದವಳ ಹಾಗೆ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಆಟೋ ಹತ್ತಿದಳು. ಅತ್ತೆ ಹೌಹಾರಿ ನನ್ನ ಕಡೆ ಬಂದು, "ಅಯ್ಯೋ ಶಿವನೇ, ಉಳೀತಾಳಾ ಸ್ವಾಮಿ?" ಅಂದರು.

"ರಾಗಿ ಕೇರದಿದ್ರೆ ಉಳೀತಾಳೆ" ಅಂದೆ.

೪. ಒಂದಕ್ಕೊಂದು ಉಚಿತ

ಪಿತ್ತಕೋಶದಲ್ಲಿ ಕೈ ಪಳಗಿದ ಮೇಲೆ ದೊಡ್ಡ ಡಾಕ್ಟ್ರಿಗೆ ಗುದನಾಳದ ಕ್ಯಾನ್ಸರನ್ನೂ ಟೀವಿ ನೋಡಿಕೊಂಡೇ ತೆಗೀಬೇಕು ಅನ್ನೋ ಆಸೆ ಹುಟ್ಟಿತು. ಗುದನಾಳ ಇರೋದು ಸೊಂಟದ ಮೂಳೆಗಳ ನಡುವೆ, ಕಿರಿದಾದ ಗುಂಡಿಯಲ್ಲಿ. ಅಲ್ಲಿ ಉದ್ದನೆಯ ಕಡ್ಡಿ ಆಡಿಸೋದು ಅಂದರೆ ಬಾವಿಯಲ್ಲಿ ಬಿದ್ದ ಉಂಗುರವನ್ನ ದಡದಲ್ಲಿ ನಿಂತು ಚಿಮಟದಲ್ಲಿ ಎತ್ತಿದ ಹಾಗೆ.

ಉಪ್ಪಾರಹಳ್ಳಿಯ ಬಟ್ಟೆ ಅಂಗಡಿಯವರೊಬ್ಬರು ಮೊದಲ ರೋಗಿ. ತೂತು ಮಾಡಿದೆವು, ಹೆಣಗಿದೆವು, ಗಡ್ಡೆ ಹತ್ತಿರಕ್ಕೂ ಸೇರಿಸಲಿಲ್ಲ. ಕೊನೆಗೆ ರೋಗಿಗೆ ಅಪಾಯ ಬೇಡ ಅಂತ ಹಳೇ ಪದ್ಧತಿಯಲ್ಲೇ ಹೊಟ್ಟೆ ತೆರೆದು ಗಡ್ಡೆ ತೆಗೆದೆವು. ಅವರು ಎದ್ದು ನೋಡಿಕೊಂಡರೆ ಮೇಲೆ ನಾಲ್ಕು ತೂತು, ನಡುವೆ ಮೊಳದುದ್ದ ಹೊಲಿಗೆ. ದೊಡ್ಡ ಡಾಕ್ಟ್ರು ಎಲ್ಲಾ ವಿವರಿಸಿ ಹೇಳಿದರು. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಹೊಟ್ಟೆ ಸವರಿಕೊಂಡರು:

"ಪರವಾಗಿಲ್ಲ ಸಾರ್. ನಾವೂ ಆಷಾಢದಲ್ಲಿ ಹಿಂಗೇ. ಒಂದು ತಗೊಂಡ್ರೆ ಇನ್ನೊಂದು ಫ್ರೀ."

೫. ದ್ರಾಕ್ಷಿ

ಎರಡು ಸಾವಿರದ ದಶಕ ಮುಗಿಯೋ ಹೊತ್ತಿಗೆ ಲ್ಯಾಪ್ರೋಸ್ಕೋಪಿಯಲ್ಲಿ ನಮ್ಮ ಕೈ ಕೂತಿತ್ತು. ಅಷ್ಟರಲ್ಲಿ ರೋಬೋಟು ಬಂತು. ಬೆಂಗಳೂರಿನ ಹೋಟೆಲೊಂದರಲ್ಲಿ ಅದರ ಪ್ರದರ್ಶನ. ಡಾಕ್ಟರು ಮೂಲೆಯ ಪೆಟ್ಟಿಗೆಯಲ್ಲಿ ಮುಖ ಹುದುಗಿಸಿ ಕೈಯಾಡಿಸಿದರೆ, ದೂರದಲ್ಲಿ ರೋಬೋಟಿನ ಕೈ ಒಂದು ದ್ರಾಕ್ಷಿಯ ಸಿಪ್ಪೆಯನ್ನ ನಿಧಾನವಾಗಿ ಸುಲಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಡಾಕ್ಟ್ರು ಮಾತ್ರ ನನ್ನ ಕಿವಿಯಲ್ಲಿ ಕೇಳಿದರು: "ಊಟಕ್ಕೆ ಮುಂಚೆ ಒಂದು ಗೊಂಚಲಾದ್ರೂ ಮುಗಿಸ್ತಾರೇನ್ರೀ?"

೬. ಅಡುಗೆಯವರ ಪರೀಕ್ಷೆ

ಕೊತ್ತಗೆರೆ ಕಡೆಯ ಮದುವೆ ಅಡುಗೆಯವರೊಬ್ಬರಿಗೆ ಗುದನಾಳದ ಕ್ಯಾನ್ಸರ್. ಸಾವಿರ ಜನಕ್ಕೆ ಬೇಯಿಸಿ ಹಾಕೋ ಆಳು, ಗಂಟಲೂ ಅಷ್ಟೇ ದೊಡ್ಡದು. ಜೊತೆಗೆ ಅಳಿಯ. ಈತ ಇಂಟರ್ನೆಟ್ ಸೆಂಟರಿನಲ್ಲಿ ಒಂದು ವಾರ ಕೂತು ಸರ್ಜನ್ ಆಗಿ ಬಂದಿದ್ದ.

"ರೋಬೋಟಿಕ್ಕೇ ಬೆಸ್ಟು ಸಾರ್. ಕೈ ನಡುಗಲ್ಲ. ಮಣಿಕಟ್ಟು ಸುತ್ತಲೂ ತಿರುಗುತ್ತೆ" ಅಂದ.

"ಹಂಗಾದ್ರೆ ಜಿಲೇಬಿ ಹಾಕಕ್ಕೆ ಲಾಯಕ್ಕು" ಅಂದರು ಮಾವ. ಆಮೇಲೆ ದನಿ ತಗ್ಗಿಸಿ ನಮ್ಮನ್ನ ಕೇಳಿದರು, "ಸ್ವಾಮಿ, ನಂಗೆ ಒಂದೇ ಭಯ. ಹೊಟ್ಟೆ ಮೇಲೆ ಚೀಲ ಕಟ್ತಾರಂತಲ್ಲ, ಹೇಲೆಲ್ಲಾ ಅದಕ್ಕೇ ಬರೋ ಹಂಗೆ? ಚೀಲ ಕಟ್ಕಂಡು ಒಲೆ ಮುಂದೆ ನಿಂತ್ರೆ ಯಾರು ನನ್ನ ಕೈಲಿ ಪಾಯಸ ಮಾಡಿಸ್ತಾರೆ?"

ಯಾರೂ ನಗಲಿಲ್ಲ. ದೊಡ್ಡ ಡಾಕ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ, ಕಿರಿದಾದ ಜಾಗದಲ್ಲಿ ರೋಬೋ ಕೈ ಚೆನ್ನಾಗಿ ತಿರುಗೋದು ನಿಜ. ಆದ್ರೆ ಚೀಲ ಬೇಕೋ ಬೇಡ್ವೋ ಅನ್ನೋದು ಗಡ್ಡೆ ಎಷ್ಟು ಕೆಳಗಿದೆ ಅನ್ನೋದರ ಮೇಲೆ ಹೋಗುತ್ತೆ. ನಿಮ್ಮದು ಸ್ವಲ್ಪ ಮೇಲಿದೆ. ಕರುಳು ಜೋಡಿಸೋಕೆ ನೋಡ್ತೀವಿ. ರೋಬೋಗೇ ಬೆಂಗಳೂರಿಗೆ ಹೋಗ್ತೀನಿ ಅಂದ್ರೂ ಚೀಟಿ ಬರೆದುಕೊಡ್ತೀನಿ."

"ಆ ರೋಬೋ ಆಪರೇಷನ್ನಲ್ಲಿ ಡಾಕ್ಟ್ರು ಎಲ್ಲಿರ್ತಾರೆ?"

"ಮೂಲೇಲಿ ಕೂತಿರ್ತಾರೆ."

"ಬುಡಿ ಮತ್ತೆ. ಮೂಲೇಲಿ ಕೂತ್ಕಂಡು ಅಡುಗೆ ಮಾಡಿದ್ರೆ ತಳ ಹತ್ತೋದೇಯ. ನೀವೇ ಹತ್ರ ನಿಂತ್ಕಂಡು ಮಾಡಿ."

ಲ್ಯಾಪ್ರೋಸ್ಕೋಪಿಯಲ್ಲೇ ಗಡ್ಡೆ ತೆಗೆದು, ಕರುಳು ಜೋಡಿಸಿದೆವು. ಚೀಲ ಬೇಕಾಗಲಿಲ್ಲ. ಆದರೆ ಅಷ್ಟಕ್ಕೆ ಮುಗಿಯೋದಿಲ್ಲ. ಜೋಡಿಸಿದ ಕರುಳು ಕೆಲಸ ಶುರು ಮಾಡಿದೆ ಅಂತ ಗೊತ್ತಾಗಬೇಕಾದರೆ ಹೂಸು ಹೋಗಬೇಕು. ಅದು ಹೋಗೋವರೆಗೂ ಸರ್ಜನ್ನಿಗೆ ಅನ್ನ ಇಳಿಯೋದಿಲ್ಲ. ಮಾರನೇ ದಿನ ಬೆಳಿಗ್ಗೆ ದೊಡ್ಡ ಡಾಕ್ಟ್ರು ಮರ್ಯಾದೆಯಾಗಿ ಕೇಳಿದರು, "ಗಾಳಿ ಹೋಗ್ತಾ ಇದ್ಯಾ?"

"ಗಾಳಿಗೇನ್ ಕಮ್ಮಿ ಇಲ್ಲ ಸ್ವಾಮಿ, ಫ್ಯಾನು ಚೆನ್ನಾಗಿ ತಿರುಗ್ತಾ ಅದೆ."

ಬಿಡಿಸಿ ಹೇಳಿದ ಮೇಲೆ ಅವರು ನಾಚಿ ತಲೆಯಾಡಿಸಿದರು. ಇಲ್ಲ. ಅದರ ಮಾರನೇ ದಿನವೂ ಇಲ್ಲ. ಹೊಟ್ಟೆ ಉಬ್ಬತೊಡಗಿತು. ಜೋಡಿಸಿದ ಜಾಗ ಬಿಟ್ಟುಕೊಂಡಿದ್ದರೆ ಮತ್ತೆ ಹೊಟ್ಟೆ ತೆರೀಬೇಕು, ಆಗ ಚೀಲ ತಪ್ಪೋದಿಲ್ಲ. ದೊಡ್ಡ ಡಾಕ್ಟ್ರು ಗಂಟೆಗೊಂದು ಸಲ ಬಂದು ಹೊಟ್ಟೆ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳ್ತಿದ್ದರು. ಅಡುಗೆಯವರ ಹೆಂಡತಿ ಮನೆದೇವರಿಗೆ ಹರಕೆ ಹೊತ್ತರು. ಹೂಸಿಗಾಗಿ ಹೊತ್ತ ಹರಕೆ ಆ ದೇವರಿಗೂ ಹೊಸ ಅನುಭವ.

ಅಂಥದ್ದರಲ್ಲಿ ಮೂರನೇ ದಿನ ಬೆಳಿಗ್ಗೆ ರೋಬೋಟು ಮಾರೋ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದ. ಆಮೇಲೆ ಬಾ ಅಂದರೂ ಕೇಳದೆ ವಾರ್ಡಿನೊಳಕ್ಕೇ ನಮ್ಮ ಹಿಂದೆ ಬಂದ. ದೊಡ್ಡ ಡಾಕ್ಟ್ರು ಅಡುಗೆಯವರ ಹೊಟ್ಟೆ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದರೆ, ಈತ ಮಂಚದ ಕಾಲ ಬಳಿ ನಿಂತು ಪಾಠ ಒಪ್ಪಿಸ್ತಿದ್ದ: "ಸಾರ್, ಮನುಷ್ಯ ಮಾಡೋ ಯಾವ ಕೆಲಸಾನೇ ಆಗಲಿ, ನಮ್ಮ ರೋಬೋ ಅದನ್ನ ಇನ್ನೂ ನಾಜೂಕಾಗಿ, ಸದ್ದಿಲ್ಲದೆ..."

ಅಷ್ಟರಲ್ಲಿ ಆಯಿತು. ಹಳೇ ಲಾರಿ ಗೇರು ಬದಲಿಸಿದ ಹಾಗೆ ಶುರುವಾಗಿ, ಹರಿದು, ತಡೆದು, ಮತ್ತೆ ಏರಿ, ಕಿಟಕಿಯ ಗಾಜು ಅದುರಿಸಿ ನಿಂತಿತು. ಪಕ್ಕದ ಮಂಚದವನು ಎದ್ದು ಕೂತ. ಹೆಂಡತಿ ಕೈಮುಗಿದು ಗಳಗಳ ಅತ್ತರು. ವಾರ್ಡಿನಲ್ಲಿ ಒಮ್ಮೆಯೂ ನಗದಿದ್ದ ದೊಡ್ಡ ಡಾಕ್ಟ್ರು ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು, ಇಡೀ ವಾರ್ಡು ತಟ್ಟಿತು. ಮಂಚದ ಕಾಲ ಬಳಿ ನಿಂತಿದ್ದ ಕಂಪನಿಯವನು ಮಾತ್ರ ಟೈಯಿಂದ ಮೂಗು ಮುಚ್ಚಿಕೊಂಡು ಬಾಗಿಲ ಕಡೆ ಸರೀತಿದ್ದ.

ಅಡುಗೆಯವರು ದಿಂಬಿಗೆ ಒರಗಿ, ಹೊಟ್ಟೆ ಸವರಿಕೊಂಡು, ಅವನನ್ನ ಕರೆದರು:

"ನಿಂತ್ಕೊಳ್ಳಪ್ಪ, ಯಾಕ್ ಓಡ್ತೀಯ? ನಿನ್ನ ರೋಬೋ ಕೈಲಿ ಹಿಂಗೆ ಒಂದು ಬುಡ್ಸಿ ತೋರ್ಸು. ನಮ್ಮ ಡಾಕ್ಟ್ರು ಇವತ್ತೇ ತಗಂತಾರೆ."