ಅತ್ತೆಯನ್ನು ನೋಡಿಕೊಳ್ಳಲು ಡೆನ್ಮಾರ್ಕಿಗೆ ಹೋದದ್ದು

ವೃದ್ಧರನ್ನು ಹೇಗೆ ನೋಡಿಕೊಳ್ಳಬೇಕೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ತುಮಕೂರು ರಸ್ತೆಯ ಈ ತುದಿಯಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಸರ್ಟಿಫಿಕೇಟಿನ ಮಾತು! ಅದಕ್ಕೆ ಕಟ್ಟು ಹಾಕಿಸಿ, ಮಾದನಾಯಕನಹಳ್ಳಿಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ತೂಗುಹಾಕಿದ್ದೇನೆ.

ನಾನು ಕಾಲೇಜಿನಲ್ಲಿ ಸಮಾಜಕಾರ್ಯ ಪಾಠ ಮಾಡುವವಳು. ಒಂದು ವಿಶ್ವವಿದ್ಯಾಲಯದವರು ಹನ್ನೆರಡು ದಿನದ ಪ್ರವಾಸದ ಕೋರ್ಸ್ ಏರ್ಪಡಿಸಿದ್ದರು. ಡೆನ್ಮಾರ್ಕಿಗೆ ಹೋಗಿ, ಅಲ್ಲಿನ ವೃದ್ಧರ ಆರೈಕೆಯನ್ನು ಕಣ್ಣಾರೆ ನೋಡಿ ಕಲಿತು ಬರುವುದು. ನನಗೆ ಅದು ಬೇಕೇ ಬೇಕಿತ್ತು. ನಮ್ಮತ್ತೆಗೆ ಎರಡು ವರ್ಷದಿಂದ ಮರೆವು. ಹಾವೇರಿಯಿಂದ ನೋಡಲು ಬಂದ ಸ್ವಂತ ತಮ್ಮನನ್ನೇ "ಯಾರಪಾ ನೀನು? ಯಾರು ಬೇಕಾಗಿತ್ತು?" ಎಂದಿದ್ದರು. ಮಗನನ್ನು ಒಮ್ಮೊಮ್ಮೆ ಕರೆಂಟ್ ಬಿಲ್ಲಿನವನೆಂದು ತಿಳಿಯುತ್ತಿದ್ದರು. ನನ್ನನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ. ಬೆಳಗ್ಗೆ ಅವರ ಲಿಂಗಪೂಜೆಗೆ ಮಣೆ ಹಾಕಿ, ವಿಭೂತಿ, ಪತ್ರೆ, ನೀರು ಇಟ್ಟು ಎದುರಿಗೆ ಕೂತರೆ ಸಾಕು, "ಗಿರಿಜಾ, ಬಂದ್ಯಾ?" ಎನ್ನುತ್ತಿದ್ದರು. ಪೂಜೆ ಮುಗಿಯದೆ ಹನಿ ನೀರನ್ನೂ ಮುಟ್ಟುವವರಲ್ಲ. ಆ ಒಂದು "ಗಿರಿಜಾ" ಕೈತಪ್ಪಿ ಹೋಗಬಾರದೆಂಬ ಭಯಕ್ಕೇ ನಾನು ಅರ್ಜಿ ಹಾಕಿದ್ದು.

ಪೀಣ್ಯದ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುತ್ತಿದ್ದ ನನ್ನ ಗಂಡ ತಲೆಯೆತ್ತಿ ನೋಡಿದರು. "ಅವ್ವನ್ನ ನೋಡ್ಕೊಳ್ಳೂದು ಕಲಿಯಾಕ ಅವ್ವನ್ನ ಬಿಟ್ಟು ಹೊಂಟಿಯೇನು?"

"ಹನ್ನೆರಡೇ ದಿನ ಕಣ್ರೀ! ಶರಣವ್ವ ಇರ್ತಾಳಲ್ಲ!"

ಶರಣವ್ವ ನಮ್ಮ ಮನೆಗೆಲಸದವಳು, ಯಾದಗಿರಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ. ಪೂಜೆಯ ಕ್ರಮ, ಮಾತ್ರೆಯ ಹೊತ್ತು, ಎಲ್ಲವನ್ನೂ ನಾಲ್ಕು ಹಾಳೆ ತುಂಬ ಬರೆದು ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲವೆಂಬುದು ವಿಮಾನ ಹತ್ತಿದ ಮೇಲೆ ನೆನಪಾಯಿತು!

ಡೆನ್ಮಾರ್ಕಿನ ವೃದ್ಧಾಶ್ರಮದಲ್ಲಿ ನಾನು ಭಾಷಣವನ್ನೂ ಬಿಗಿದೆ. "ನಮ್ಮಲ್ಲಿ ಹಿರಿಯರನ್ನು ಬಿಟ್ಟುಹೋಗುವ ಪದ್ಧತಿಯೇ ಇಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಕುರ್ಚಿಯಲ್ಲಿದ್ದ ಒಬ್ಬ ಅಜ್ಜಿ ಮಾತ್ರ ಕೈಯೆತ್ತಿ, "ಹಾಗಾದರೆ ಈಗ ನಿಮ್ಮ ಅತ್ತೆಯ ಜೊತೆ ಯಾರಿದ್ದಾರೆ?" ಎಂದು ಕೇಳಿದರು. ಕೂಡಲೇ ನನಗೆ ಕೆಮ್ಮು ಬಂತು.

ಅಲ್ಲಿ ಎರಡು ಪಾಠ ನನ್ನ ಮನಸ್ಸಿಗೆ ನಾಟಿದವು. ಹಿರಿಯರ ಕೆಲಸವನ್ನು ನಾವು ಮಾಡಬಾರದು, ಅವರೇ ಮಾಡಿಕೊಳ್ಳಲು ಬಿಡಬೇಕು. ಇನ್ನೊಂದು, ನೋಡಿಕೊಳ್ಳುವವರು ಎದೆಗೆ ಹೆಸರಿನ ದೊಡ್ಡ ಬಿಲ್ಲೆ ಸಿಕ್ಕಿಸಿಕೊಂಡು ಪ್ರತಿ ಸಲವೂ ಪರಿಚಯ ಹೇಳಿಕೊಳ್ಳಬೇಕು. ಗುರುತು ಪರಿಚಯವಿಲ್ಲದವರು ಕೆಲಸ ಮಾಡುವ ಜಾಗಕ್ಕೆಂದು ಮಾಡಿದ ನಿಯಮವನ್ನು ನಾನು ನೇರ ನಮ್ಮ ದೇವರಕೋಣೆಗೆ ತಂದೆ.

ಬಂದ ಮರುದಿನ ಬೆಳಗ್ಗೆ ಮಣೆ ಹಾಕಲಿಲ್ಲ. ಕಪಾಟಿನ ಬಾಗಿಲಿಗೆ "ವಿಭೂತಿ", "ಪತ್ರೆ" ಎಂದು ಚೀಟಿ ಅಂಟಿಸಿದೆ. ಬಿಲ್ಲೆ ಹಾಕಿಕೊಂಡು ಅತ್ತೆಯ ಮುಂದೆ ನಿಂತು, ಕಲಿತದ್ದನ್ನು ಒಪ್ಪಿಸಿದೆ.

"ನಮಸ್ಕಾರ. ನನ್ನ ಹೆಸರು ಗಿರಿಜಾ. ಇವತ್ತು ನಿಮ್ಮ ಜೊತೆ ಇರ್ತೀನಿ."

ಅತ್ತೆ ದಡಬಡಿಸಿ ಎದ್ದು, ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದರು. "ಬರ್ರಿ ಮೇಡಂ, ಕುಂದರ್ರಿ. ಪಿಂಚಣಿ ವಿಚಾರಕ್ಕ ಬಂದೀರೇನ್ರಿ?"

ಅತ್ತೆ ನನ್ನನ್ನು ಮರೆತದ್ದು ಅದೇ ಮೊದಲು. ಆದರೂ ಬಿಲ್ಲೆ ತೆಗೆಯಲಿಲ್ಲ. ತಾಳ್ಮೆ ಬೇಕೆಂದು ಕೋರ್ಸಿನಲ್ಲಿ ಹೇಳಿದ್ದರಲ್ಲ! ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅತ್ತೆ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಪರರ ಮನೆಗೆ ಬಂದವರಂತೆ ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದರು.

ಅವತ್ತು ತಡವಾಗಿ, ಹನ್ನೆರಡಕ್ಕೆ ಶರಣವ್ವ ಬಂದಳು. "ಅಯ್ಯ ಅಕ್ಕಾರ, ಅಮ್ಮಾರ ಬಾಯಿ ಒಣಗೇತಲ್ರಿ! ಇನ್ನಾ ಪೂಜಿ ಆಗಿಲ್ಲೇನ್ರಿ?"

"ಅವರೇ ಮಾಡ್ಕೋಬೇಕು ಶರಣವ್ವ. ಅದು ಪದ್ಧತಿ."

"ಯಾರ ಪದ್ಧತಿರಿ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಕೈಕಾಲು ತೊಳೆದು ಬಂದು ಮಣೆ ಹಾಕಿದಳು, ವಿಭೂತಿ ಇಟ್ಟಳು, ಎದುರಿಗೆ ಕೂತಳು. ಹನ್ನೆರಡು ದಿನವೂ ಹಾಗೇ ಮಾಡಿದ್ದಳಂತೆ, ನಾನು ಮಾಡುವುದನ್ನು ದಿನಾ ನೋಡಿದ್ದಳಲ್ಲ. ಅತ್ತೆ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡರು. ಮುಖ ಅರಳಿತು. ಶರಣವ್ವನನ್ನು ನೋಡಿ, "ಗಿರಿಜಾ, ಬಂದ್ಯಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಮೇಡಂಗ ಏನರ ಕೊಡವಾ. ಪಾಪ, ಮುಂಜಾನಿಂದ ನಿಂತಾರ."

ಶರಣವ್ವ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ನಾನು ಬಿಲ್ಲೆ ಕಿತ್ತು ಕಸದ ಬುಟ್ಟಿಗೆ ಹಾಕಿದೆ.

ಈಗ ದಿನಾ ನಾನೇ ಮಣೆ ಹಾಕುತ್ತೇನೆ. ಅತ್ತೆ ಪೂಜೆಯನ್ನೂ ಮಾಡಿಕೊಳ್ಳುತ್ತಾರೆ, ನನಗೆ ಮರ್ಯಾದೆಯನ್ನೂ ಕೊಡುತ್ತಾರೆ. ಮೊನ್ನೆ ಪೂಜೆ ಮುಗಿಸಿ ಹಾಲ್‌ಗೆ ಬಂದು, ಸರ್ಟಿಫಿಕೇಟಿನ ಕೆಳಗೇ ಕೂತು ಕೇಳಿದರು.

"ಮೇಡಂ, ನಿಮಗ ಅತ್ತಿ ಅದಾರೇನ್ರಿ?"

"ಇದ್ದಾರೆ."

"ಮತ್ತ ಅವರನ್ನ ಬಿಟ್ಟು ದಿನಾ ಇಲ್ಲಿಗ್ಯಾಕ ಬರ್ತೀರಿ? ಅವರಿಗೆ ಮಣಿ ಹಾಕೋರು ಯಾರು?"

ಈ ಸಲ ಕೆಮ್ಮು ಬರಲಿಲ್ಲ. ಅಳು ಬಂತು. ಅತ್ತೆ ಗಾಬರಿಯಾಗಿ ಸೆರಗಿನಿಂದ ನನ್ನ ಕಣ್ಣೊರೆಸಿದರು. "ಅಳಬ್ಯಾಡ್ರಿ ಮೇಡಂ. ಇರ್ರಿ, ನಮ್ಮ ಗಿರಿಜಾ ಚಹಾ ತರ್ತಾಳ."

ಶರಣವ್ವ ಇನ್ನೂ ಬಂದಿರಲಿಲ್ಲ. ಎದ್ದು ಹೋಗಿ ಚಹಾ ಕಾಸಿ ತಂದೆ.

"ಅಯ್ಯ, ನೀವ್ಯಾಕ ತಂದ್ರಿ ಮೇಡಂ!" ಎಂದರು ಅತ್ತೆ.