ಟರ್ನರ್ ಕಂಪ್ಲೀಟ್ ವರ್ಕ್ಸ್

ಅರ್ಥವಾಗಲಿ ಬಿಡಲಿ, ಸಾಹೇಬರು ಹೇಳಿದ್ದಕ್ಕೆಲ್ಲ "ಹ್ಞೂಂರಿ ಸರ" ಎನ್ನುವುದು ಯಮನಪ್ಪನ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯ ಸ್ಟೋರಿನಲ್ಲಿ ಐದು ವರ್ಷ ಬೈಸಿಕೊಂಡರೂ ಹೋಗಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಪಕ್ಕದಲ್ಲಿ ಕಂಪ್ರೆಸರ್ ಬಡಿದುಕೊಳ್ಳುತ್ತಿರುವಾಗಲೇ ಮಾಲೀಕ ಶ್ರೀಧರ್ ಫೋನ್ ಮಾಡಿದರು.

"ಯಮನಪ್ಪಾ, ನಾಲ್ಕು ಗಂಟೆಗೆ ಇಂಗ್ಲೆಂಡಿಂದ ಗಿಲ್ಬರ್ಟ್ ಅಂತ ದೊಡ್ಡ ಗಿರಾಕಿ ಬರ್ತಾರೆ. ಅವ್ರ ಮನೇಲಿ ಹಂಫ್ರಿ ಟರ್ನರ್ ಅಂದ್ರೆ ಪ್ರಾಣ ಅಂತೆ. ಟರ್ನರ್ ಕಂಪ್ಲೀಟ್ ವರ್ಕ್ಸ್ ಎಲ್ಲಿದ್ರೂ ಹುಡುಕ್ಕೊಂಡು ಬಾ. ಎಪ್ಪತ್ತೆರಡು ವಾಲ್ಯೂಮ್. ಹಳೇದಾದ್ರೂ ನಡೆಯುತ್ತೆ, ಬೈಂಡಿಂಗ್ ಗಟ್ಟಿ ಇರ್ಲಿ. ಟರ್ನರ್ ಲೈಫ್ ಬಗ್ಗೆ ಗೊತ್ತಿರೋರು ಯಾರಾದ್ರೂ ಸಿಕ್ರೆ ಅವ್ರನ್ನೂ ಕರ್ಕೊಂಡು ಬಾ. ಆಯ್ತಾ?"

"ಹ್ಞೂಂರಿ ಸರ."

"ಇದೊಂದು ಮಾಡು, ಪರ್ಮನೆಂಟ್ ಆರ್ಡರ್‌ಗೆ ಇವತ್ತೇ ಸೈನ್ ಹಾಕ್ತೀನಿ."

ಯಮನಪ್ಪನಿಗೆ ಕುಣಿಯುವಂತಾಯಿತು. ಕುಷ್ಟಗಿಯಲ್ಲಿ ಅವನ ಮದುವೆಗೆ ಗೊತ್ತು ಮಾಡಿದ್ದ ಹುಡುಗಿ ಸವಿತಾಳ ಅಪ್ಪ ರೇವಣಸಿದ್ದ, ನೌಕರಿ ಕಾಯಂ ಆದ ಮೇಲೆಯೇ ಅಕ್ಕಿಕಾಳು ಎಂದು ಹಟ ಹಿಡಿದು ಕೂತಿದ್ದ. ಯಮನಪ್ಪ ತಡೆಯಲಾರದೆ ಅವನಿಗೆ ಫೋನ್ ಹಚ್ಚಿದ. "ಸಂಜಿಮುಂದ ಫೋನ್ ಮಾಡ್ರಿ ಮಾವಾರ, ಕಾಯಂ ಸುದ್ದಿ ಹೇಳ್ತೀನಿ."

ಫೋನಿಟ್ಟ ಮೇಲೆ ತಲೆ ಕೆರೆದುಕೊಂಡ. ಟರ್ನರ್ ಎಂದರೆ ಕಬ್ಬಿಣ ಕಡೆಯುವ ಲೇತ್ ಓಡಿಸುವವನು. ಪೀಣ್ಯದಲ್ಲಿ ಅದು ಕೂಸಿಗೂ ಗೊತ್ತು. ವರ್ಕ್ಸ್ ಎಂದರೆ ವರ್ಕ್‌ಶಾಪು, ಬೀದಿ ತುಂಬ ಬೋರ್ಡುಗಳಿವೆ. ಆದರೆ ಈ ಹಂಫ್ರಿ ಏನು? ಹಂಪಿ ಅಂದಿರಬೇಕು. ಹಾಗಾದರೆ ತನ್ನ ಕಡೆಯವನೇ!

ಗೇಟಿನೆದುರಿನ ಟೀ ಅಂಗಡಿ ಆಂಜಿನಪ್ಪನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಗೊತ್ತಿಲ್ಲದಿದ್ದರೂ ಹೇಳದೆ ಬಿಡುತ್ತಿರಲಿಲ್ಲ.

"ಅಂಪಿ ಟರ್ನರ್ರಾ? ಅಷ್ಟು ದೂರದೋನು ಯಾಕಪ್ಪಾ? ಚಿಕ್ಕಬಾಣಾವರದಾಗೆ ನಮ್ ಚಿನ್ನಪ್ಪ ಅವ್ನೆ. ಜಾಗದೋರು ಕಾಲಿ ಮಾಡು ಅಂದವ್ರೆ, ವರ್ಕ್ಸೇ ಮುಚ್ತಾವ್ನೆ."

"ಕಂಪ್ಲೀಟ್ ಬೇಕಂತಣ್ಣ."

"ಕಂಪ್ಲೀಟೇ ಎತ್ಕೊಂಡೋಗು!"

ಚಿನ್ನಪ್ಪನದು ಒಂದೇ ಲೇತಿನ ಶೆಡ್ಡು. ಲೇತು ಅವನಪ್ಪನ ಕಾಲದ್ದು, ಚಿನ್ನಪ್ಪ ಮಾತ್ರ ಮೂವತ್ತರ ಗಟ್ಟಿಮುಟ್ಟಾದ ಆಳು. ಇಂಗ್ಲೆಂಡಿನವರಿಗೆ ಬೇಕಂತೆ ಎಂದ ಕೂಡಲೇ ಅವನು ಅಂಗಿ ಬದಲಿಸಿದ. "ಎಪ್ಪತ್ತೆರಡು ವಾಲ್ಯೂಮಾ? ಯಾವ ಐಟಮ್ ಅಂತ ಏಳಿಲ್ವಾ? ಅಂಗಾರೆ ಬುಷ್ಷೇ ಇರ್ಬೇಕು, ರೆಡಿ ಐತೆ," ಎಂದು ಯಂತ್ರಕ್ಕೆ ಹಾಕುವ ಎಪ್ಪತ್ತೆರಡು ಹಿತ್ತಾಳೆ ಬಳೆಗಳನ್ನು ಎಣಿಸಿ ಡಬ್ಬಿಗೆ ಸುರಿದ.

ಲೇತನ್ನು ಗೂಡ್ಸ್ ಗಾಡಿಗೆ ಏರಿಸಲು ಅಕ್ಕಪಕ್ಕದ ಎಂಟು ಜನ ಬಂದರು. ಎಂಟು ಜನರೂ ಎಂಟು ದಿಕ್ಕಿಗೆ ಎಳೆದರು. ಲೇತು ವಾಲಿ ಬಾಗಿಲ ಮೇಲಿನ ಬೋರ್ಡನ್ನು ಕಿತ್ತು ಕೆಡವಿತು. ಕಂಪ್ಲೀಟ್ ಅಂದಮೇಲೆ ಬೋರ್ಡೂ ಸೇರಿತು ಎಂದುಕೊಂಡು ಯಮನಪ್ಪ ಅದನ್ನೂ ಹಾಕಿಸಿದ. ಸಾಹೇಬರ ಮಾತು ನೆನಪಾಗಿ, ಬೈಂಡಿಂಗ್ ವೈರಿನಿಂದ ಇಡೀ ಲೇತಿಗೆ ಹನ್ನೊಂದು ಸುತ್ತು ಬಿಗಿದ. ಇನ್ನು ಟರ್ನರ್ ಲೈಫು ಹೇಳಲು ಟರ್ನರನಿಗಿಂತ ಬೇರೆ ಯಾರು ಬೇಕು? ಚಿನ್ನಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಆತ ಅಲ್ಲಿಂದಲೇ ಶುರು ಮಾಡಿ, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಇನ್ನೂ ಮೂರನೇ ಕ್ಲಾಸಿನಲ್ಲಿದ್ದ.

ನಾಲ್ಕಕ್ಕೆ ಗಾಡಿ ಗೇಟಿಗೆ ಬಂದಾಗ ಶ್ರೀಧರ್ ಅತಿಥಿಗೆ ಹಾರ ಹಾಕುತ್ತಿದ್ದರು.

"ಏನಯ್ಯಾ ಇದು?"

"ಟರ್ನರ್ ಕಂಪ್ಲೀಟ್ ವರ್ಕ್ಸ್ರಿ ಸರ. ಬೈಂಡಿಂಗ್ ಭಾಳ ಗಟ್ಟಿ ಐತ್ರಿ."

ಶ್ರೀಧರ್ ಅವನನ್ನು ಪಕ್ಕಕ್ಕೆಳೆದು ಹಲ್ಲು ಕಡಿದರು. "ಪುಸ್ತಕ ಕಣೋ! ಹಂಫ್ರಿ ಟರ್ನರ್ ಅಂದ್ರೆ ಇಂಗ್ಲಿಷ್ ಸಾಹಿತಿ. ಎಪ್ಪತ್ತೆರಡು ಕಾದಂಬರಿ ಬರ್ದು ಸತ್ತೋದೋನು!"

"ಸತ್ತಾನ್ರಿ?" ಯಮನಪ್ಪ ಗಾಬರಿಯಿಂದ ಚಿನ್ನಪ್ಪನತ್ತ ನೋಡಿದ. ಚಿನ್ನಪ್ಪ ಗಾಡಿಯಿಂದ ಇಳಿದು ಕೂದಲು ಬಾಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಗಿಲ್ಬರ್ಟ್ ಸಾಹೇಬರು ಹಾರದ ಸಮೇತ ಲೇತಿನ ಬಳಿ ಹೋಗಿ ಅದರ ಮೈ ಸವರುತ್ತಿದ್ದರು. "ಟರ್ನರ್?" ಎಂದರು.

"ಎಸ್ ಸಾರ್. ಟರ್ನರ್. ಟೆನ್ ಇಯರ್ಸ್," ಎಂದು ಚಿನ್ನಪ್ಪ ಎದೆ ತಟ್ಟಿಕೊಂಡ.

ಸಾಹೇಬರ ಕಣ್ಣು ಒದ್ದೆಯಾಯಿತು. ಕಾದಂಬರಿಯ ಹುಚ್ಚು ತಮ್ಮ ಹೆಂಡತಿಯದು, ತಮಗೆ ಆ ಲೇಖಕನ ಎರಡನೇ ಪುಟಕ್ಕೇ ನಿದ್ದೆ ಬರುತ್ತದೆ, ಆದರೆ ತಮ್ಮಜ್ಜ ದುಡಿದದ್ದು ಇಂಥದೇ ಲೇತಿನ ಮೇಲೆ ಎಂದು ಇಂಗ್ಲಿಷಿನಲ್ಲಿ ಗದ್ಗದರಾದರು. ಬುಷ್ಷೊಂದನ್ನು ಬೆಳಕಿಗೆ ಹಿಡಿದು ನೋಡಿ, ಈ ಟರ್ನರ್ ನಿಮ್ಮಲ್ಲಿದ್ದರೆ ನನ್ನ ಮಾಲೆಲ್ಲ ನಿಮ್ಮಲ್ಲೇ ಮಾಡಿಸುತ್ತೇನೆ ಎಂದುಬಿಟ್ಟರು.

ಶ್ರೀಧರ್ ಮುಖ ಅರಳಿತು. ಅಲ್ಲೇ ಗಾಡಿಯ ಬಾನೆಟ್ ಮೇಲೆ ಪರ್ಮನೆಂಟ್ ಆರ್ಡರ್ ಹರಡಿ ಪೆನ್ನು ತೆಗೆದರು. ಯಮನಪ್ಪ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದ.

"ಪೂರ್ತಿ ಹೆಸರು ಹೇಳು."

"ಯಮನಪ್ಪ ದುರಗಪ್ಪ..."

"ನಿಂದಲ್ಲ ಕಣಯ್ಯ, ಟರ್ನರ್‌ದು! ಇರೋದು ಒಂದೇ ಜಾಗ. ನಿಂದು ಮುಂದಿನ ವರ್ಷ ನೋಡೋಣ."

ಚಿನ್ನಪ್ಪ ಸೈನ್ ಹಾಕಿ, ಯಮನಪ್ಪನ ಬೆನ್ನು ತಟ್ಟಿ, ಆಫೀಸಿಗೆ ಕಾಫಿ ಕುಡಿಯಲು ಹೋದ. ಲೇತು ಇಳಿಸುವ ಕೆಲಸ ಯಮನಪ್ಪನ ಪಾಲಿಗೆ ಬಂತು. ವೈರಿನ ಏಳನೇ ಸುತ್ತು ಬಿಚ್ಚುವಾಗ ಫೋನ್ ಹೊಡೆದುಕೊಂಡಿತು. ರೇವಣಸಿದ್ದ.

"ಏನಪ್ಪಾ, ಕಾಯಂ ಆತೇನು?"

"ಆತ್ರಿ ಮಾವಾರ," ಎಂದ ಯಮನಪ್ಪ, ವೈರಿನ ತುದಿ ಬಿಡದೆ. "ಆದ್ರ ನಂದಲ್ರಿ. ಇಲ್ಲೊಬ್ಬ ಚಿನ್ನಪ್ಪ ಅಂತ ಟರ್ನರ್ ಅದಾನ್ರಿ, ಅವಂದು."

ರೇವಣಸಿದ್ದ ಮೆಲ್ಲಗೆ ಕೇಳಿದ:

"ಆ ಚಿನ್ನಪ್ಪಗ ಮದುವಿ ಆಗೇತೇನು?"