ಪೋಷಕರ ಸಹಿ ಕಡ್ಡಾಯ

ಫುಟ್‌ಬಾಲ್ ತಂಡ ಕಟ್ಟಿಕೊಂಡವನು ನಗಲಿಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಾನು ಅತ್ತಾವರದಲ್ಲಿ ಚಿಕ್ಕ ಹೋಟೆಲು ಇಟ್ಟುಕೊಂಡವನು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ನಡುವೆ ಸಿಕ್ಕ ಹೊತ್ತಿನಲ್ಲಿ ನಮ್ಮ ಕ್ಲಬ್ಬಿನ ಸಹಾಯಕ ಕೋಚ್. ಮುಖ್ಯ ಕೋಚ್ ಎಂದರೆ ನಮ್ಮ ಮಾಷ್ಟ್ರು, ಶಾಲೆಯೊಂದರಲ್ಲಿ ಪಿ.ಟಿ. ಮಾಸ್ಟರಾಗಿದ್ದು ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತು, ಅವರು ಶಾಲೆಯನ್ನು ಬಿಡಲಿಲ್ಲ. ಪ್ರತಿ ವರ್ಷ ಲೀಗ್ ಶುರುವಾಗುವ ಮೊದಲು ಆಟಗಾರರಿಗೆಲ್ಲ ಪರೀಕ್ಷೆ ಇಡುತ್ತಾರೆ. ನೂರಕ್ಕೆ ಮಾರ್ಕು, ಪಾಸಾಗಲು ಮೂವತ್ತೈದು. ಅದಕ್ಕಿಂತ ಕೆಳಗೆ ಬಂದವನಿಗೆ ಜೆರ್ಸಿ ಇಲ್ಲ. "ಲೆಕ್ಕ ಅಂದ್ರೆ ಲೆಕ್ಕ" ಎನ್ನುತ್ತಾರೆ. ಹಾಗೆ ಹೇಳುವವರು ಕೂಡಿಸುವುದು ಮಾತ್ರ ಬೆರಳು ಮಡಚಿ. ಆಮೇಲೆ ನಾನು ಇನ್ನೊಮ್ಮೆ ಕೂಡಿಸಬೇಕು.

ಈ ವರ್ಷ ಪರೀಕ್ಷೆಗೆ ಮೊದಲೇ ನನಗೆ ಒಂದು ಚಿಂತೆ ಹತ್ತಿತ್ತು. ನಮ್ಮ ಗೋಲ್‌ಕೀಪರ್‌ಗೆ ನಲವತ್ತೊಂದು ತುಂಬಿತ್ತು, ಎರಡು ಮೊಣಕಾಲೂ ಕೈಕೊಟ್ಟಿದ್ದವು. ಇಪ್ಪತ್ತು ವರ್ಷ ನಮ್ಮ ಗೋಲು ಕಾದವನು. "ಇದೊಂದು ಸೀಸನ್ ಆಡಿ ಬಿಡ್ತೇನೆ" ಅಂತ ಅವನ ಆಸೆ.

ಎರಡು ಸೀಟಿ

ಮೊದಲ ದಿನ ಓಟದ ಪರೀಕ್ಷೆ. ಓಡಿದ್ದು ಸಾಕು ಅನ್ನಲು ಮಾಷ್ಟ್ರು ಎರಡು ಸಲ ಸೀಟಿ ಊದುತ್ತಾರೆ. ಊದಿದರು. ಎಲ್ಲರೂ ನಿಂತರು, ಹೊಸದಾಗಿ ಸೇರಿದ ಒಬ್ಬನನ್ನು ಬಿಟ್ಟು. ಅವನು ಇನ್ನೂ ಜೋರಾಗಿ ಓಡಿದ. ಮಾಷ್ಟ್ರು ಸಿಟ್ಟಿನಿಂದ ಮತ್ತೆ ಎರಡು ಸೀಟಿ ಊದಿದರು. ಅವನು ಗೇಟು ದಾಟಿ ರಸ್ತೆಗೇ ಇಳಿದ. ನಾನು ಹಿಂದೆ ಓಡಿ ಹಿಡಿದು ತರಬೇಕಾಯಿತು.

"ನಿನಗೆ ಕಿವಿ ಉಂಟಾ ಇಲ್ವಾ?" ಮಾಷ್ಟ್ರು ಕೇಳಿದರು.

"ಉಂಟು ಸರ್. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಒಂದು ಸೀಟಿ ಅಂದ್ರೆ ನಿಲ್ಲುವುದು, ಎರಡು ಅಂದ್ರೆ ಹೋಗುವುದು. ನೀವು ಎರಡೆರಡು ಹೊಡೆದ್ರೆ ನಾನು ಎಂತ ಮಾಡುದು?"

ವೇಗಕ್ಕೆ ಪೂರ್ತಿ ಮಾರ್ಕು ಕೊಟ್ಟೆವು. ಈಗ ಪಂದ್ಯದಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕಿದರೆ ನಾನು ಗೆರೆಯ ಹೊರಗಿನಿಂದ, ಬಸ್ಸು ಹೊರಡಿಸುವವರ ಹಾಗೆ, "ರೈಟ್ ಪೋಯಿ!" ಅಂತ ಕೂಗುತ್ತೇನೆ. ಆಮೇಲೆ ಅವನನ್ನು ಹಿಡಿಯುವ ಡಿಫೆಂಡರ್ ಈ ಊರಿನಲ್ಲಿ ಹುಟ್ಟಿಲ್ಲ.

ನಂತೂರಿನ ಬೆವರು

ಅದೇ ದಿನ ನಮ್ಮ ಒಬ್ಬ ಆಟಗಾರನ ಬಸ್ಸು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವನು ಇಳಿದು ಮೈದಾನದವರೆಗೆ ಓಡಿಯೇ ಬಂದ. ಅಂಗಿ ಹಿಂಡಿದರೆ ಒಂದು ಚೆಂಬು ನೀರು ಬರುತ್ತಿತ್ತು. "ನಿನಗೆ ಬೇರೆ ಪರೀಕ್ಷೆ ಬೇಡ" ಎಂದು ಮಾಷ್ಟ್ರು ಅಲ್ಲೇ ಪೂರ್ತಿ ಮಾರ್ಕು ಹಾಕಿದರು.

ಸುದ್ದಿ ಹಬ್ಬಿತು. ಮರುದಿನ ಇನ್ನೊಬ್ಬ ಏದುಸಿರು ಬಿಡುತ್ತಾ ಬಂದ, ಅಂಗಿಯೆಲ್ಲ ಒದ್ದೆ.

"ನಂತೂರಿನಿಂದ ಓಡಿ ಬಂದೆ ಸರ್!"

ಮಾಷ್ಟ್ರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಓಡಿದ್ದು ಸರಿ ಮಾರಾಯ, ತಲೆಯಲ್ಲಿ ಹೆಲ್ಮೆಟ್ ಎಂತಕ್ಕೆ?"

ರಿಮೋಟು

ಪರೀಕ್ಷೆ ಮುಗಿದ ಮೇಲೆ ಪ್ರಗತಿ ಪತ್ರ. ಮಾರ್ಕು, ಕೆಳಗೆ ಮಾಷ್ಟ್ರ ಅಭಿಪ್ರಾಯ, ಅದರ ಕೆಳಗೆ ಪೋಷಕರ ಸಹಿ. ಆಟಗಾರರಲ್ಲಿ ಅರ್ಧದಷ್ಟು ಜನ ತಾವೇ ಮಕ್ಕಳ ಕಾರ್ಡಿಗೆ ಸಹಿ ಹಾಕುವವರು. "ಹಾಗಾದ್ರೆ ಹೆಂಡತಿ ಹಾಕಲಿ" ಎಂದರು ಮಾಷ್ಟ್ರು.

ನಮ್ಮ ಮಿಡ್‌ಫೀಲ್ಡರ್‌ನ ಕಾರ್ಡಿನಲ್ಲಿ ಅವರು ಬರೆದದ್ದು: "ಆಟ ಚೆನ್ನಾಗಿದೆ. ಆದರೆ ಕೈಗೆ ಬಂದ ಚೆಂಡನ್ನು ಯಾರಿಗೂ ಕೊಡುವುದಿಲ್ಲ." "ಸರ್, ಕೈಯಲ್ಲ, ಕಾಲು" ಎಂದು ಅವನು ತಿದ್ದಿಸಿಕೊಂಡು ಹೋದ. ಮರುದಿನ ಕಾರ್ಡು ಸಹಿಯಾಗಿ ಬಂತು. ಸಹಿಯ ಪಕ್ಕದಲ್ಲಿ ಅವನ ಹೆಂಡತಿ ಬರೆದಿದ್ದರು: "ಟಿವಿ ರಿಮೋಟೂ ಹಾಗೆಯೇ."

ಮೂವತ್ತಮೂರು

ಗೋಲ್‌ಕೀಪರ್‌ಗೆ ಬಂದದ್ದು ಮೂವತ್ತಮೂರು. ಕೈಗಳಿಗೆ ಒಳ್ಳೆಯ ಮಾರ್ಕಿತ್ತು, ಓಟದಲ್ಲಿ ಸೊನ್ನೆ. ನಾನು ಮೂರು ಸಲ ಕೂಡಿಸಿದೆ. ಈ ಸಲವೇ ಮಾಷ್ಟ್ರ ಬೆರಳು ಸರಿಯಾಗಿ ಮಡಚಬೇಕಾ!

"ಕಾರ್ಡು ನೀನೇ ಕೊಡು ಮಾರಾಯ" ಎಂದರು ಮಾಷ್ಟ್ರು. "ನೀನು ಹೋಟೆಲಿನವನು, 'ಮುಗಿದಿದೆ' ಅಂತ ಹೇಳಿ ನಿನಗೆ ಅಭ್ಯಾಸ ಉಂಟು."

ಕೊಟ್ಟೆ. ಅವನು ನೋಡಿದ, ಮಡಚಿ ಜೇಬಿಗೆ ಹಾಕಿದ, ಗ್ಲೌಸು ಬಿಚ್ಚಿ ಗೋಲ್‌ಪೋಸ್ಟಿನ ಬುಡದಲ್ಲಿಟ್ಟು ಹೋದ. ನಾವಿಬ್ಬರೂ ಅಂದು ಚಾ ಅರ್ಧಕ್ಕೇ ಬಿಟ್ಟು ಎದ್ದೆವು.

ಅವನ ಹೆಂಡತಿ ಗಲ್ಫಿನಲ್ಲಿ ನರ್ಸ್. ಹಾಗಾಗಿ ಕಾರ್ಡು ಸಹಿಗೆ ಹೋದದ್ದು ತಾಯಿಯ ಹತ್ತಿರ. ಮರುದಿನ ಬೆಳಿಗ್ಗೆ ತೊಕ್ಕೊಟ್ಟಿನಿಂದ ಒಂದು ರಿಕ್ಷಾ ಬಂದು ಮೈದಾನದ ಬದಿಯಲ್ಲಿ ನಿಂತಿತು. ಎಪ್ಪತ್ತೈದು ದಾಟಿದ ಬಾಯಮ್ಮ ಒಬ್ಬರು ಕೊಡೆ ಊರಿಕೊಂಡು ಇಳಿದರು, ಹಿಂದೆ ಗೋಲ್‌ಕೀಪರ್. "ಮಮ್ಮಿ, ಬೇಡ ಮಮ್ಮಿ" ಅನ್ನುತ್ತಲೇ ಇದ್ದ.

ಮಾಷ್ಟ್ರು ಅವರನ್ನು ಕಂಡದ್ದೇ ಟೋಪಿ ತೆಗೆದರು, ಕೈ ಕಟ್ಟಿ ನಿಂತರು. "ಟೀಚರ್, ಇವನ ಅಮ್ಮ ನೀವಾ!"

"ನಾನೇ. ನೀನು ಮೂರನೇ ಕ್ಲಾಸಿನಲ್ಲಿ ನನ್ನ ಹತ್ತಿರ ಕಲಿತದ್ದು ನೆನಪುಂಟಾ?"

"ಉಂಟು ಟೀಚರ್."

"ಗಣಿತದಲ್ಲಿ ನಿನಗೆ ಎಷ್ಟು ಬಂದಿತ್ತು?"

ಮಾಷ್ಟ್ರು ನನ್ನ ಕಡೆ, ಆಟಗಾರರ ಕಡೆ ನೋಡಿದರು. ಎಲ್ಲರೂ ಹತ್ತಿರ ಬಂದು ನಿಂತಿದ್ದರು. "ಮೂವತ್ತಮೂರು" ಎಂದರು ಮೆಲ್ಲನೆ.

"ಪಾಸಾದದ್ದು ಹೇಗೆ?"

"ನೀವು ಎರಡು ಗ್ರೇಸ್ ಮಾರ್ಕು ಕೊಟ್ಟಿರಿ."

"ಆ ಎರಡು ಮಾರ್ಕು ಈಗ ವಾಪಸ್ ಕೊಡು."

ಟೀಚರ್ ಕಾರ್ಡು ಮುಂದೆ ಹಿಡಿದರು. "ಮೂವತ್ತಮೂರಕ್ಕೆ ಎರಡು ಸೇರಿದರೆ ಎಷ್ಟು?"

ಮಾಷ್ಟ್ರು ಬೆರಳು ಮಡಚಲು ಹೋಗಿ ತಡೆದುಕೊಂಡರು. "ಮೂವತ್ತೈದು, ಟೀಚರ್."

"ಅದನ್ನೇ ಬರೆ."

ಬರೆದರು. ಟೀಚರ್ ಕನ್ನಡಕ ಏರಿಸಿ, ಪೋಷಕರ ಜಾಗದಲ್ಲಿ ಸಹಿ ಹಾಕಿ, ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದರು: "ಕೋಚ್ ಗಣಿತದಲ್ಲಿ ಪಾಸು."

ಮೊದಲ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಒಂದು ಪೆನಾಲ್ಟಿಯನ್ನೂ ಸೇರಿಸಿ ಬಂದದ್ದನ್ನೆಲ್ಲ ಹಿಡಿದ. ಪೆನಾಲ್ಟಿಗೆ ಓಡಲಿಕ್ಕಿಲ್ಲವಲ್ಲ! ಬೇಲಿಯ ಆಚೆ ಟೀಚರ್ ಕೊಡೆ ಎತ್ತಿ ಕುಣಿಸಿದರು. ನನಗೆ ಎದೆ ತುಂಬಿ ಬಂತು, ಮಾಷ್ಟ್ರಿಗೆ ಕಣ್ಣು. ಇಂಥ ತಂಡ ನಮ್ಮದು ಅಂತ ಹೇಳಿಕೊಳ್ಳಲು ನನಗೆ ಯಾವತ್ತೂ ಹೆಮ್ಮೆಯೇ.

ಆ ಕಾರ್ಡು ಮಾತ್ರ ಗೋಲ್‌ಕೀಪರ್‌ಗೆ ಇನ್ನೂ ಸಿಕ್ಕಿಲ್ಲ. ಮಾಷ್ಟ್ರು ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ಎದುರು ತಂಡದ ಕೋಚ್‌ಗಳಿಗೆಲ್ಲ ತೋರಿಸುತ್ತಾರೆ. ಅವನು ಕೇಳಿದಾಗಲೆಲ್ಲ ಒಂದೇ ಉತ್ತರ:

"ನಿನಗೆ ಜೆರ್ಸಿ ಸಿಕ್ಕಿತಲ್ಲ ಮಾರಾಯ. ನಾನು ಗಣಿತದಲ್ಲಿ ಸ್ವಂತವಾಗಿ ಪಾಸಾದದ್ದು ಇದೇ ಮೊದಲ ಸಲ!"